ಗರಗಸದ ಹರಿತ, ಮರದ ಲೆಕ್ಕ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯಲ್ಲಿ ಮರ ಕುಯ್ಯುವ ಕಾಲವನ್ನು ಗೊತ್ತುಮಾಡುವುದು ಹೊಗೆಸೊಪ್ಪು. ಮೇ ತಿಂಗಳ ಮಳೆಗೆ ವರ್ಜೀನಿಯಾ ಸಸಿ ನೆಟ್ಟರೆ ಜುಲೈ ಹೊತ್ತಿಗೆ ಎಲೆ ಮುರಿಯಲು ಬರುತ್ತದೆ. ಅಷ್ಟರೊಳಗೆ ಎಲೆ ಹದಮಾಡುವ ಬ್ಯಾರನ್ ಪಕ್ಕದಲ್ಲಿ ಒಣ ಸೌದೆ ಒಟ್ಟಿರಬೇಕು. ಒಂದು ಕೆ.ಜಿ. ಹದವಾದ ಎಲೆಗೆ 4-5 ಕೆ.ಜಿ. ಸೌದೆ ಬೇಕೆಂಬುದು ವಾಡಿಕೆಯ ಲೆಕ್ಕ. ಹಸಿ ಸೌದೆ ಹಾಕಿದರೆ ಶಾಖದ ಒಳ್ಳೆಯ ಪಾಲು ಅದರದೇ ನೀರನ್ನು ಆರಿಸಲು ಹೋಗುತ್ತದೆ. ಆದ್ದರಿಂದ ಸುಗ್ಗಿ ಮುಗಿದ ಜನವರಿಯಿಂದ ಮುಂಗಾರಿನವರೆಗೆ ಹೊಲದ ಬದುಗಳಲ್ಲಿ ಗರಗಸದ ಸದ್ದು ಹೆಚ್ಚು.

ಈ ಮರಗಳು ಕಾಡಿನವಲ್ಲ. ಪಕ್ಕದ ಕಾಡು ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಅಲ್ಲಿ ಕೊಡಲಿ ಎತ್ತುವಂತಿಲ್ಲ. ಉಳಿದ ಕಾಡುಗಳ ಕಡಿತಕ್ಕೂ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಬಿಗಿ ಕಡಿವಾಣ ಹಾಕಿತು. ಹುಣಸೂರಿನ ಸಾಮಿಲ್ಲುಗಳೂ ಬ್ಯಾರನ್ನುಗಳೂ ರೈತರ ಜಮೀನಿನ ಕಡೆ ನೋಡುವುದು ಹೀಗಾಗಿಯೇ. ಸಿಲ್ವರ್ ಓಕ್, ನೀಲಗಿರಿ, ಹೆಬ್ಬೇವು, ಸರ್ವೆ, ಮಾವು, ಅಲ್ಲಲ್ಲಿ ತೇಗ ಇವೇ ಇಂದಿನ ಸರಕು. ನೀಲಗಿರಿ ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆ.

ಸ್ವಂತ ಜಮೀನಿನ ಮರವಾದರೂ ಕಾಗದ ಮೊದಲು, ಗರಗಸ ಆಮೇಲೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ತೆಂಗು, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ತೇಗ, ಬೀಟೆಗಳಿಗೆ ಅನುಮತಿಯ ಜೊತೆಗೆ ಸಾಗಣೆಯ ಪಾಸೂ ಬೇಕು. ‘ನಮ್ಮ ಮರ, ನಮ್ಮಿಷ್ಟ’ ಎಂದು ಕಡಿದು ಲಾರಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮರವೂ ಹೋಗುತ್ತದೆ, ಲಾರಿಯೂ ನಿಲ್ಲುತ್ತದೆ.

ಕೆಲಸಕ್ಕೆ ಹೋಗುವ ತಂಡ ಚಿಕ್ಕದು. ಮಿಷನ್ ಹಿಡಿಯುವವನೊಬ್ಬ, ಹಗ್ಗ ಕಟ್ಟಲು ಮರ ಹತ್ತುವವನೊಬ್ಬ, ರೆಂಬೆ ಸವರಿ ಸೌದೆ ಒಟ್ಟುವವರು ಇಬ್ಬರೋ ಮೂವರೋ. ಹಿಂದೆ ಇದೇ ಕೆಲಸಕ್ಕೆ ಕೊಡಲಿ, ಇಬ್ಬರು ಎಳೆಯುವ ಗರಗಸ, ದಿಮ್ಮಿ ಎಳೆಯಲು ಎತ್ತು ಸಾಕಾಗಿದ್ದವು. ಈಗ ಪೆಟ್ರೋಲ್ ಚೈನ್ ಗರಗಸ, ಟ್ರ್ಯಾಕ್ಟರ್. ಆದರೂ ಕೊಡಲಿ, ಮಚ್ಚು, ಹಾರೆ, ಬೆಣೆ, ದಪ್ಪ ಹಗ್ಗ ಇಲ್ಲದೆ ಯಾವ ತಂಡವೂ ಹೊರಡುವುದಿಲ್ಲ.

ದಿನದ ಕೆಲಸ ಶುರುವಾಗುವುದು ಮರದ ಬುಡದಲ್ಲಲ್ಲ, ಅರದ ಮುಂದೆ. ಚೈನಿನ ಹಲ್ಲು ಹರಿತವಾಗಿದ್ದರೆ ಗರಗಸ ತನ್ನ ತೂಕಕ್ಕೇ ಮರದೊಳಗೆ ಇಳಿದು ಚಕ್ಕೆ ಉದುರಿಸುತ್ತದೆ. ಹಿಟ್ಟಿನಂಥ ಹುಡಿ ಬಿದ್ದರೆ ಹಲ್ಲು ಮೊಂಡಾಗಿದೆ ಎಂದೇ ಅರ್ಥ. ಆಗ ಕುಯ್ಯುವವನು ಮಿಷನ್ನನ್ನು ಒತ್ತುತ್ತಾನೆ, ಎಂಜಿನ್ ಕಾಯುತ್ತದೆ, ಪೆಟ್ರೋಲ್ ಉರಿಯುತ್ತದೆ, ರಟ್ಟೆ ಸೋಲುತ್ತದೆ. ಅಪಘಾತ ಕಾದಿರುವುದೂ ಆಗಲೇ. ಬದುವಿನ ಮರದ ತೊಗಟೆಯಲ್ಲಿ ಮಣ್ಣು ಮೆತ್ತಿರುತ್ತದೆ, ಬೇಲಿಯ ತಂತಿ, ಮೊಳೆ ಒಳಗೇ ಬೆಳೆದು ಮುಚ್ಚಿಹೋಗಿರುತ್ತವೆ. ಒಂದು ಮೊಳೆ ಸಾಕು, ಸುತ್ತಿನ ಹಲ್ಲುಗಳೆಲ್ಲ ಹಾಳು. ಬುಡದ ಮಣ್ಣು ಕೆರೆದು, ಬೇಲಿ ಮರವನ್ನು ಕಣ್ಣಿಟ್ಟು ನೋಡಿ ಕುಯ್ಯುವವನೇ ಜಾಣ.

ಅರ ದುಂಡಗಿರಬೇಕು, ಅದರ ದಪ್ಪ ಚೈನಿನ ಅಳತೆಗೆ ಹೊಂದಬೇಕು: ಸಣ್ಣ ಚೈನಿಗೆ 4 ಮಿ.ಮೀ., ನಡುವಿನದಕ್ಕೆ 4.8, ದೊಡ್ಡದಕ್ಕೆ 5.2 ಅಥವಾ 5.5. ಸಾಮಾನ್ಯ ಚೈನಿಗೆ ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಹಿಂದಕ್ಕೆ ಎಳೆದರೆ ಅರವೇ ಸವೆಯುತ್ತದೆ. ಎಡ ಬಲದ ಹಲ್ಲುಗಳು ಒಂದೇ ಉದ್ದ ಇರದಿದ್ದರೆ ಕುಯ್ತ ಒಂದು ಕಡೆಗೆ ವಾಲುತ್ತದೆ. ಹಲ್ಲಿನ ಮುಂದಿರುವ ಗುಬುಟು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುತ್ತದೆ. ನಡುವಿನ, ದೊಡ್ಡ ಚೈನುಗಳಲ್ಲಿ ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಬೇಗ ಕುಯ್ಯಲಿ ಎಂದು ಅದನ್ನು ಹೆಚ್ಚು ಉಜ್ಜುವವರಿದ್ದಾರೆ. ಗರಗಸ ಎಗರಿ ಹಿಂದಕ್ಕೆ ಬಡಿಯಲು ಅದಕ್ಕಿಂತ ಬೇರೆ ಕಾರಣ ಬೇಡ. ಈ ಹಲ್ಲಿನ ಆಕಾರವೂ ಮರದಿಂದಲೇ ಬಂದದ್ದು. 1940ರ ದಶಕದಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವಿನ ದವಡೆ ಎಡಕ್ಕೂ ಬಲಕ್ಕೂ ಆಡುವುದನ್ನು ನೋಡಿ ಚೈನಿಗೆ ಆ ರೂಪ ಕೊಟ್ಟ.

ಇಂಧನದಲ್ಲೂ ಅಂದಾಜು ನಡೆಯುವುದಿಲ್ಲ. ಎರಡು-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆತದ್ದೇ ಅದಕ್ಕೆ ಜಿಡ್ಡು. ಕಂಪನಿ ಹೇಳಿದ ಎಣ್ಣೆಯಾದರೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಬೆರೆಸಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಂಡು ಮಿಷನ್ ಅಲ್ಲಿಗೇ ಮುಗಿಯುತ್ತದೆ. ಚೈನಿನ ಎಣ್ಣೆ ಬೇರೆ. ಅದಕ್ಕೆ ಟ್ರ್ಯಾಕ್ಟರಿನ ಹಳೆ ಎಂಜಿನ್ ಆಯಿಲ್ ಸುರಿಯುವುದು ಎಲ್ಲೆಡೆ ಇರುವ ಚಾಳಿ. ಅದರಲ್ಲಿ ಲೋಹದ ಹುಡಿ, ಮಸಿ ಸೇರಿರುತ್ತವೆ, ಪಂಪು ಕಟ್ಟುತ್ತದೆ, ಚೈನ್ ಓಡುವ ಬಾರ್ ಸವೆಯುತ್ತದೆ. ಉಳಿತಾಯವೆಂದು ಹೇಳುವಂಥದ್ದಲ್ಲ.

ಮರ ಉರುಳಿಸುವಾಗ ಮೊದಲು ನೋಡುವುದು ವಾಲು, ಗಾಳಿ, ವಿದ್ಯುತ್ ತಂತಿ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರಿಗೆ ಹೇಳಿ ಲೈನ್ ತೆಗೆಸದೆ ಮುಟ್ಟಬಾರದು. ಬೀಳುವ ಕಡೆಗೆ ಬೊಡ್ಡೆಯ ದಪ್ಪದ ಕಾಲುಭಾಗದಷ್ಟು ಕಚ್ಚು ತೆಗೆದು, ಎದುರು ಬದಿಯಿಂದ ಅದಕ್ಕಿಂತ ತುಸು ಮೇಲೆ ಕುಯ್ಯುತ್ತಾರೆ. ನಡುವೆ ದಪ್ಪದ ಹತ್ತರಲ್ಲೊಂದು ಪಾಲು ಮರ ಉಳಿಯಲೇಬೇಕು. ಬಾಗಿಲ ಕೀಲಿನಂತೆ ಮರವನ್ನು ತಿರುಗಿಸಿ ಮಲಗಿಸುವುದು ಅದೇ. ಅದನ್ನೂ ಕತ್ತರಿಸಿಬಿಟ್ಟರೆ ಮರ ಎತ್ತ ಬೀಳುತ್ತದೋ ಹೇಳಲಾಗದು. ತಪ್ಪಿಸಿಕೊಳ್ಳುವ ದಾರಿ ಹಿಂದಕ್ಕೆ ಓರೆಯಾಗಿ, ಮುಂಚೆಯೇ ಸವರಿಟ್ಟಿರಬೇಕು.

ನೆಲಕ್ಕೆ ಬಿದ್ದ ಮೇಲೆ ಲೆಕ್ಕ. ನಾಟಾ ದಿಮ್ಮಿಯನ್ನು ನಡುವಿನ ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದಕ್ಕೆ ಗುಣಿಸಿ ಅಳೆಯುವುದು ವ್ಯಾಪಾರದ ಪದ್ಧತಿ. 4 ಅಡಿ ಸುತ್ತಳತೆ, 10 ಅಡಿ ಉದ್ದವಿದ್ದರೆ 10 ಘನ ಅಡಿ. ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ವ್ಯತ್ಯಾಸ ಸಾಮಿಲ್ಲಿನ ನಷ್ಟಕ್ಕೆಂದು ಬಿಟ್ಟದ್ದು. 1736ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಅಚ್ಚುಮಾಡಿಸಿದ ಕೋಷ್ಟಕದ ಲೆಕ್ಕ ಇದು. ಸೌದೆಗೆ ಇಷ್ಟು ಗೊಡವೆಯಿಲ್ಲ, ಅದು ಟನ್ನಿನ ಲೆಕ್ಕದಲ್ಲಿ ಹೋಗುತ್ತದೆ.

ಸಂಜೆ ಏರ್ ಫಿಲ್ಟರ್ ಕೊಡವಿ, ಚೈನ್ ತಿರುಗಿಸುವ ಸ್ಪ್ರಾಕೆಟ್ಟಿನ ಮುಚ್ಚಳ ತೆಗೆದು ಹುಡಿ ಒರೆಸಿ, ಬಾರಿನ ತೋಡು ಕೆರೆದು, ಬಾರ್ ಮಗುಚಿ ಹಾಕಬೇಕು. ಮಗುಚದಿದ್ದರೆ ಒಂದೇ ಅಂಚು ಸವೆಯುತ್ತದೆ. ಎರಡು ಚೈನ್ ಸವೆದ ಮೇಲೆ ಸ್ಪ್ರಾಕೆಟ್ಟನ್ನೂ ಬದಲಿಸುವುದು ಲೇಸು. ಮುಂಗಾರು ಹಿಡಿದು ಕೆಲಸ ನಿಂತಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಚೈನಿಗೆ ಎಣ್ಣೆ ಸವರಿ ಒಣ ಜಾಗದಲ್ಲಿಡಬೇಕು. ಉಳಿದ ಮಿಶ್ರಣ ತಿಂಗಳುಗಟ್ಟಲೆ ನಿಂತರೆ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ, ಮುಂದಿನ ಜನವರಿಯ ಮೊದಲ ಕೆಲಸ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಆಗುತ್ತದೆ.