ಹುಳುವನ್ನು ಕೊಲ್ಲುವ ಸೂಕ್ಷ್ಮಜೀವಿ



ಅಮೆರಿಕದ ನಮ್ಮ ಹಿತ್ತಲುಗಳಲ್ಲಿ ಎಲೆಕೋಸು ಬೆಳೆಯಲು ಹೊರಟ ನಾವೆಲ್ಲರೂ ಎಲೆಯನ್ನು ಜರಡಿ ಮಾಡುವ ಹಸಿರು ಹುಳುವನ್ನು ಬಲ್ಲೆವು. ಅದಕ್ಕೆಂದು ಅಂಗಡಿಯಲ್ಲಿ ದೊರೆಯುವ ‘ಬಿ.ಟಿ.’ ಎಂಬ ಔಷಧವು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ತಯಾರಾದುದು.

ಈ ಜೀವಿಯು ಮೊದಲು ಪರಿಚಯವಾದದ್ದು ರೇಷ್ಮೆಯ ಶತ್ರುವಾಗಿ. 1901ರಲ್ಲಿ ಜಪಾನಿನ ಇಷಿವಾತಾ ಅವರು ರೋಗದಿಂದ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಅವರು ಹಿಟ್ಟಿನ ಪತಂಗದ ಮರಿಹುಳುಗಳಲ್ಲಿ ಇದನ್ನೇ ಗುರುತಿಸಿದರು. ಅಲ್ಲಿನ ಥುರಿಂಜಿಯಾ ಪ್ರಾಂತದ ಹೆಸರು ಅದಕ್ಕೆ ಬಂದಿತು. ರೇಷ್ಮೆ ಕೃಷಿಕನ ಶಾಪವು ತರಕಾರಿ ಬೆಳೆಗಾರನಿಗೆ ವರವಾಯಿತು.

ಇದರ ಅಸ್ತ್ರ ಒಂದು ಪ್ರೋಟೀನ್ ಹರಳು. ಹುಳು ಎಲೆಯೊಡನೆ ಅದನ್ನು ತಿಂದಾಗ, ಕ್ಷಾರಗುಣದ ಕರುಳಿನಲ್ಲಿ ಹರಳು ಕರಗಿ, ಪ್ರೋಟೀನು ಕರುಳಿನ ಗೋಡೆಗೆ ಅಂಟಿಕೊಂಡು ರಂಧ್ರಗಳನ್ನು ಮಾಡುತ್ತದೆ. ಹುಳು ಮೇವು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ನಮ್ಮ ಜಠರವಾದರೋ ಆಮ್ಲಮಯ; ಆ ಪ್ರೋಟೀನು ಅಂಟಿಕೊಳ್ಳುವ ತಾಣಗಳೂ ನಮ್ಮ ಕರುಳಿನಲ್ಲಿಲ್ಲ.

ಆದರೆ ಎಲೆಯ ಮೇಲಿನ ಹರಳು ಬಿಸಿಲಿಗೆ ಕೆಲವೇ ದಿನಗಳಲ್ಲಿ ಶಕ್ತಿಗುಂದುತ್ತದೆ. ಈ ಕೊರತೆಯನ್ನು ನೀಗಲು ವಂಶವಾಹಿ ತಂತ್ರಜ್ಞಾನವು ನೆರವಿಗೆ ಬಂದಿತು. 1981ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ನೆಫ್ ಮತ್ತು ವೈಟ್ಲಿ ಅವರು ಹರಳಿನ ವಂಶವಾಹಿಯನ್ನು ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅಲ್ಲಿಯೂ ಆ ಪ್ರೋಟೀನು ತಯಾರಾಗುವುದನ್ನು ತೋರಿಸಿದರು. ಬಳಿಕ ಸ್ಯಾನ್ ಡಿಯಾಗೊದ ಮೈಕೋಜೆನ್ ಸಂಸ್ಥೆಯು ಅಂಥದೇ ವಂಶವಾಹಿಯನ್ನು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದಲ್ಲಿಟ್ಟಿತು. ಜೀವಕೋಶಗಳಲ್ಲಿ ಪ್ರೋಟೀನು ತುಂಬಿಕೊಂಡ ಮೇಲೆ ಅವನ್ನು ಕೊಂದು, ಅವುಗಳ ಗೋಡೆಯನ್ನು ಗಟ್ಟಿಗೊಳಿಸಿತು. ಸತ್ತ ಕೋಶವೇ ಪ್ರೋಟೀನನ್ನು ಕಾಯುವ ಕರಡಿಗೆಯಾಯಿತು! ಮಾರ್ಪಡಿಸಿದ ಜೀವಿಯನ್ನು ಬಯಲಿಗೆ ಬಿಟ್ಟ ಮೇಲೆ ಮರಳಿ ಹಿಡಿಯಲಾದೀತೇ ಎಂಬ ಅಂದಿನ ಆತಂಕಕ್ಕೂ ಇದು ಉತ್ತರವಾಗಿತ್ತು. ಸತ್ತ ಕೋಶಕ್ಕೆ ಸಂತಾನವಿಲ್ಲ. 1991ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇದನ್ನು ನೋಂದಾಯಿಸಿತು.

ಆದರೂ ಎರಡು ಎಚ್ಚರಿಕೆಗಳನ್ನು ನಾವು ಮರೆಯುವಂತಿಲ್ಲ. ಹವಾಯಿಯಲ್ಲಿ ಬಿ.ಟಿ.ಯನ್ನು ಮೇಲಿಂದ ಮೇಲೆ ಸಿಂಪಡಿಸಿದ ಹೊಲಗಳಲ್ಲಿ ಅದಕ್ಕೆ ಜಗ್ಗದ ವಜ್ರಬೆನ್ನಿನ ಪತಂಗಗಳು ತಲೆಯೆತ್ತಿದ್ದು 1990ರಲ್ಲಿ ವರದಿಯಾಯಿತು. ಔಷಧವು ಹೆಚ್ಚು ದಿನ ಉಳಿದಷ್ಟೂ ಬದುಕುಳಿದ ಹುಳುಗಳ ಸಂತತಿಯೇ ಹೆಚ್ಚುವ ಅಪಾಯವಿದೆ. ಎರಡನೆಯದು ತಾಯ್ನಾಡಿಗೆ ಸಂಬಂಧಿಸಿದ್ದು. ರಾಮನಗರದಲ್ಲೋ ಕೋಲಾರದಲ್ಲೋ ಹಿಪ್ಪುನೇರಳೆಯ ಪಕ್ಕದ ಕೋಸಿನ ಹೊಲಕ್ಕೆ ಇದನ್ನು ಸಿಂಪಡಿಸಿದರೆ, ಗಾಳಿಗೆ ತೇಲಿದ ಹನಿಗಳು ರೇಷ್ಮೆಹುಳುವಿನ ಮೇವಿನ ಮೇಲೂ ಬಿದ್ದಾವು. ಕೋಸಿನ ಹುಳು ಯಾವುದು, ರೇಷ್ಮೆಹುಳು ಯಾವುದು ಎಂಬ ಭೇದ ಆ ಹರಳಿಗೆ ತಿಳಿಯದು.

ನಮ್ಮ ಹಿತ್ತಲಿನಲ್ಲೂ ಹುಳು ಕಂಡ ಗಿಡಕ್ಕೆ ಮಾತ್ರ, ಬಿಸಿಲಿಳಿದ ಸಂಜೆಯ ಹೊತ್ತು, ಅಗತ್ಯವಿದ್ದಷ್ಟೇ ಸಿಂಪಡಿಸೋಣ. ನೆರೆಯ ಗಿಡದ ಚಿಟ್ಟೆಮರಿಯೂ ಬದುಕಿಕೊಳ್ಳಲಿ.