ರಾಜಾಜಿನಗರಕ್ಕೆ ಹೆಸರು ಕೊಟ್ಟ ಗವರ್ನರ್ ಜನರಲ್

1950ರ ಜನವರಿ 26ರ ಬೆಳಿಗ್ಗೆ ದೆಹಲಿಯ ದರ್ಬಾರ್ ಹಾಲಿನಲ್ಲಿ ಭಾರತ ಗಣರಾಜ್ಯವಾಯಿತೆಂಬ ಘೋಷಣೆಯನ್ನು ಓದಿದವರು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ. ಅದರೊಂದಿಗೆ ಅವರ ಹುದ್ದೆಯೇ ಇಲ್ಲವಾಯಿತು. ವಾರನ್ ಹೇಸ್ಟಿಂಗ್ಸ್ ಕಾಲದಿಂದ ಬಂದಿದ್ದ ಗವರ್ನರ್ ಜನರಲ್‌ಗಳ ಸಾಲು ಅಲ್ಲಿಗೆ ಮುಗಿಯಿತು. ಆ ಸಾಲಿನ ಕೊನೆಯವರು ಅವರು, ಭಾರತೀಯರೆಂದರೂ ಅವರೊಬ್ಬರೇ. ನಮ್ಮ ಪಶ್ಚಿಮ ಬೆಂಗಳೂರಿನ ರಾಜಾಜಿನಗರಕ್ಕೆ ಇರುವುದು ಅವರ ಹೆಸರು.

ಭಾಷ್ಯಂ ಸರ್ಕಲ್, ನವರಂಗ್, ಇಎಸ್‌ಐ ಆಸ್ಪತ್ರೆ, ವೆಸ್ಟ್ ಆಫ್ ಕಾರ್ಡ್ ರೋಡ್ ಎಂದು ದಾರಿ ಹೇಳುವ ಈ ಭಾಗದ ಜನ ದಿನಕ್ಕೆ ಹತ್ತು ಸಲ ಆ ಹೆಸರನ್ನು ಉಚ್ಚರಿಸುತ್ತಾರೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾರ್ಖಾನೆಗಳಿಗೂ ಕಾರ್ಮಿಕರ ಮನೆಗಳಿಗೂ ಜಾಗ ಮಾಡಿಕೊಡಲು ಎದ್ದ ಬಡಾವಣೆ ಇದು. ದುಡಿಯುವವರ ಊರಿಗೆ, ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ ಮನುಷ್ಯನ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಬೆಂಗಳೂರು ಅವರಿಗೆ ಪರಸ್ಥಳವೇನೂ ಅಲ್ಲ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆಯಲ್ಲಿ. ಓದಿದ್ದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ. 1894ರಲ್ಲಿ ಅಲ್ಲಿಂದ ಪದವಿ ಪಡೆದರು. ಮುಂದೆ ಮದರಾಸಿನಲ್ಲಿ ಕಾನೂನು, ಸೇಲಂನಲ್ಲಿ ವಕೀಲಿ, 1917ರಿಂದ ಅಲ್ಲಿನ ಪುರಸಭೆಯ ಅಧ್ಯಕ್ಷಗಿರಿ. ಗಾಂಧೀಜಿಯ ಕರೆಗೆ ಓಗೊಟ್ಟು ಒಳ್ಳೆಯ ವರಮಾನದ ವಕೀಲಿಯನ್ನು ಕೈಬಿಟ್ಟರು. 1930ರಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೆ ನಡೆದು ಉಪ್ಪು ಮಾಡಿ ಜೈಲಿಗೆ ಹೋದರು. 1937ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿಯಾದರು.

ರಾಜ್ಯಪಾಲರಾಗಿ ಅವರ ನಿಜವಾದ ಪರೀಕ್ಷೆ ನಡೆದದ್ದು ಕೊಲ್ಕತ್ತದಲ್ಲಿ. 1947ರ ಆಗಸ್ಟ್ 15ರಂದು ಪಶ್ಚಿಮ ಬಂಗಾಳದ ಮೊದಲ ರಾಜ್ಯಪಾಲರಾಗಿ ಹೋದಾಗ ಅಲ್ಲಿ ಹೂವಿನ ಹಾರಕ್ಕಿಂತ ಸಿಟ್ಟೇ ಹೆಚ್ಚು ಕಾದಿತ್ತು. ಹಿಂದೆ ಸುಭಾಷ್‌ಚಂದ್ರ ಬೋಸರನ್ನು ವಿರೋಧಿಸಿದ್ದವರು ಎಂಬುದನ್ನು ಬಂಗಾಳ ಮರೆತಿರಲಿಲ್ಲ. ಸುಭಾಷರ ಅಣ್ಣ ಶರತ್‌ಚಂದ್ರ ಬೋಸರೇ ನೇಮಕಕ್ಕೆ ಅಡ್ಡ ನಿಂತಿದ್ದರು. ಜೊತೆಗೆ ಕೋಮುಗಲಭೆ, ಗಡಿ ದಾಟಿ ಬಂದ ನಿರಾಶ್ರಿತರು. ಸೆಪ್ಟೆಂಬರ್ 1ರ ರಾತ್ರಿ ಗಾಂಧೀಜಿ ಉಪವಾಸಕ್ಕೆ ಕೂರಲು ನಿಶ್ಚಯಿಸಿದಾಗ ಅವರಿದ್ದ ಮನೆಗೆ ಹೋಗಿ, ಬೇಡವೆಂದು ಗಂಟೆಗಟ್ಟಲೆ ವಾದಿಸಿದವರು ಈ ರಾಜ್ಯಪಾಲರು. ವಾದ ಸೋತಿತು, ಉಪವಾಸ ಗೆದ್ದಿತು. ನಾಲ್ಕನೆಯ ತಾರೀಖಿಗೆ ನಗರ ತಣ್ಣಗಾಗಿತ್ತು. ಸಂವಿಧಾನದ ಪ್ರಕಾರ ರಾಜ್ಯಪಾಲನ ಕೈಯಲ್ಲಿ ಅಧಿಕಾರ ಕಡಿಮೆ. ಆದರೆ ಜನರ ಸಿಟ್ಟಿನ ಎದುರು ಸಮಾಧಾನದಿಂದ ನಿಲ್ಲುವುದೂ ಆಡಳಿತವೇ ಎಂಬುದನ್ನು ಅವರು ಅಲ್ಲಿ ತೋರಿಸಿಕೊಟ್ಟರು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ಅಧ್ಯಾಯ ಇದು.

1948ರ ಜೂನ್ 21ರಂದು ಗವರ್ನರ್ ಜನರಲ್ ಆಗಿ ಮೌಂಟ್‌ಬ್ಯಾಟನ್ ಜಾಗಕ್ಕೆ ಬಂದರು. ಇಂದಿನ ರಾಷ್ಟ್ರಪತಿ ಭವನದಲ್ಲಿ ವೈಸ್‌ರಾಯ್‌ಗಳು ಮಲಗುತ್ತಿದ್ದ ಭವ್ಯ ಕೋಣೆಗಳನ್ನು ಬಿಟ್ಟು ಚಿಕ್ಕ ಕೋಣೆಗಳಿಗೆ ಹೋದರು. ಇಂದಿಗೂ ರಾಷ್ಟ್ರಪತಿಗಳ ವಾಸ ಆ ಭಾಗದಲ್ಲೇ. ದೇಶದಲ್ಲಿ ಧಾನ್ಯದ ಅಭಾವವಿದ್ದಾಗ ಭವನದ ಜಮೀನಿನಲ್ಲಿ ಗೋಧಿ ಬಿತ್ತಿಸಿದರು.

ಅಲ್ಲಿಂದ ಮುಂದಿನದು ಇನ್ನೂ ಅಪರೂಪ. ದೇಶದ ಅತ್ಯುನ್ನತ ಪೀಠದಲ್ಲಿ ಕುಳಿತಿದ್ದವರು ಆರು ತಿಂಗಳಲ್ಲಿ ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿಯಾದರು. ಪಟೇಲರು ತೀರಿಕೊಂಡ ಮೇಲೆ ಗೃಹ ಖಾತೆ ವಹಿಸಿಕೊಂಡರು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದರು. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿಯಲು ಅವರಿಗೆ ಸಂಕೋಚವಿರಲಿಲ್ಲ. ಕೆಲಸ ಯಾವುದು ಎಂದು ಕೇಳಿದರೇ ಹೊರತು ಕುರ್ಚಿಯ ಎತ್ತರವನ್ನು ಅಳೆಯಲಿಲ್ಲ.

ತಪ್ಪುಗಳೂ ಇವೆ, ಸಣ್ಣವಲ್ಲ. ಪ್ರಾಂತ್ಯದ ಪ್ರಧಾನಿಯಾಗಿದ್ದಾಗ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿ ತಮಿಳರನ್ನು ಕೆರಳಿಸಿದರು. 1953ರಲ್ಲಿ ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆ ಎಂದು ಅದರ ವಿರುದ್ಧ ಎದ್ದ ಕೂಗು ನ್ಯಾಯವಾದದ್ದೇ. 1954ರಲ್ಲಿ ಅವರು ಹುದ್ದೆ ಬಿಟ್ಟರು. ಭಾರತರತ್ನ ಬಂದದ್ದೂ ಅದೇ ವರ್ಷ.

ಎಂಬತ್ತು ದಾಟಿದ ಮೇಲೂ ಸುಮ್ಮನಿರಲಿಲ್ಲ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ಹಳೆಯ ಗೆಳೆಯ ನೆಹರೂ ಅವರನ್ನೇ ಎದುರು ಹಾಕಿಕೊಂಡರು. 1962ರಲ್ಲಿ ಅಮೆರಿಕಕ್ಕೆ ಹೋಗಿ, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿ ಎಂದು ಅಧ್ಯಕ್ಷ ಕೆನಡಿಯವರ ಎದುರು ಕುಳಿತು ಹೇಳಿದರು. 1972ರ ಡಿಸೆಂಬರ್ 25ರಂದು ಮದರಾಸಿನಲ್ಲಿ ತೀರಿಕೊಂಡರು.

ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಇಂದು ಸ್ಮಾರಕ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ರಾಜಾಜಿನಗರದ ಶಾಲೆಗಳು ಡಿಸೆಂಬರ್ 10ರ ಆಸುಪಾಸಿನಲ್ಲಿ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಲಿ. ತಮ್ಮ ವಿಳಾಸದಲ್ಲಿರುವ ಹೆಸರು ಯಾರದೆಂದು ಅವರಿಗೂ ಗೊತ್ತಾಗಲಿ.