ಚುಕ್ಕಿಗಳ ಸುತ್ತ ನಿಜವಾದ ಗಡಿ ಯಾವುದು?

ಜೀವಿಯೊಂದು ಕಂಡುಬಂದ ತಾಣಗಳನ್ನು ನಕ್ಷೆಯಲ್ಲಿ ಚುಕ್ಕಿಗಳಾಗಿ ಗುರುತಿಸಿ, ಸುತ್ತಲೂ ದಾರ ಬಿಗಿದರೆ ಪೀನ ಬಹುಭುಜಾಕೃತಿ ದೊರೆಯುತ್ತದೆ. ತಾಣಗಳು ಅರ್ಧಚಂದ್ರದಂತೆ ಬಾಗಿದ್ದರೆ, ಜೀವಿಯೇ ಇಲ್ಲದ ಒಳಬಾಗೂ ಅದರಲ್ಲಿ ಸೇರಿ ವ್ಯಾಪ್ತಿ ಹಿರಿದಾಗಿ ತೋರುತ್ತದೆ.

1983ರಲ್ಲಿ ಎಡೆಲ್ಸ್‌ಬ್ರುನರ್, ಕರ್ಕ್‌ಪ್ಯಾಟ್ರಿಕ್ ಹಾಗೂ ಸೈಡೆಲ್ ಮಂಡಿಸಿದ ‘ಆಲ್ಫಾ ಆಕೃತಿ’ ಇಂತಹ ಒಳಬಾಗನ್ನು ಹೊರಗಿಡಬಲ್ಲದು. ಸಂರಕ್ಷಣಾ ವಿಜ್ಞಾನದಲ್ಲಿ ಅದರ ಸರಳ ರೂಪವೊಂದು ಬಳಕೆಯಲ್ಲಿದೆ. ಚುಕ್ಕಿಗಳನ್ನು ಡೆಲೊನೇ ತ್ರಿಕೋನಗಳಾಗಿ ಜೋಡಿಸಿ, ಗೆರೆಗಳ ಸರಾಸರಿ ಉದ್ದದ ಇಂತಿಷ್ಟು ಪಟ್ಟು, ಸಾಮಾನ್ಯವಾಗಿ 2 ಪಟ್ಟು, ಮೀರಿದವನ್ನು ಅಳಿಸಲಾಗುತ್ತದೆ. ಉಳಿದ ತ್ರಿಕೋನಗಳ ಒಟ್ಟು ವಿಸ್ತೀರ್ಣವೇ ವ್ಯಾಪ್ತಿ.

ಈ ಮಿತಿಯನ್ನು ತೀರಾ ತಗ್ಗಿಸಿದರೆ ಆಕೃತಿ ಚೂರುಚೂರಾಗುತ್ತದೆ. ಅತಿಯಾಗಿ ಹೆಚ್ಚಿಸಿದರೆ ಮೊದಲಿನ ಪೀನಾಕೃತಿಯೇ ಮರಳುತ್ತದೆ. ಆದ್ದರಿಂದ ಎರಡು ಕಾಲಘಟ್ಟಗಳ ವ್ಯಾಪ್ತಿಯನ್ನು ಹೋಲಿಸುವಾಗ ಒಂದೇ ಮಿತಿಯನ್ನು ಅನುಸರಿಸುವುದು ಅಗತ್ಯ. ಇಲ್ಲವಾದರೆ ಅಳಿವಿನತ್ತ ಸಾಗಿರುವ ಪ್ರಭೇದವೂ ಸುರಕ್ಷಿತವೆಂಬ ತಪ್ಪು ಎಣಿಕೆಗೆ ಎಡೆಯಾದೀತು.